‘ಡಿಸೈನ್ ಫ್ರೀ’ ಅಂದರೆ ಯಾರ ಖರ್ಚಿನಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆ-ನಿವೇಶನ ಪುಟದಲ್ಲಿ ಈಚೆಗೆ ಒಂದೇ ತರದ ಜಾಹೀರಾತು ಜಾಸ್ತಿ ಆಗಿವೆ. ‘ಹಳೆ ಮನೆ ಹೊಸದಾಗಿಸಿ, ಡಿಸೈನ್ ಫ್ರೀ.’ ಗೌಂಡಿಗೆ ಪಗಾರ ಕೊಡುತ್ತೇವೆ, ಬಡಿಗರಿಗೆ ಕೊಡುತ್ತೇವೆ, ಕಾಗದದ ಮೇಲೆ ಗೆರೆ ಎಳೆದವರಿಗೆ ಯಾಕೆ ದುಡ್ಡು ಅನ್ನೋದು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯ ಹಳೇ ಲೆಕ್ಕ. ಹಾಗಾಗಿ ಈ ಫ್ರೀ ಮಾತು ನಮಗೆ ಬೇಗ ಹಿಡಿಸುತ್ತದೆ. ನಾನು ಹೇಳೋದು ಇಷ್ಟೇ: ಆ ದುಡ್ಡನ್ನು ಬೇರೆಯಾಗಿ, ಬಿಲ್ ಮಾಡಿಸಿಕೊಂಡೇ ಕೊಡಿ.

ಫ್ರೀ ಅಂದವರೂ ಗಾಳಿ ಕುಡಿದು ಬದುಕೋದಿಲ್ಲ ಅಲ್ವಾ? ಅವರ ಫೀ ಪ್ಲೈವುಡ್, ಲ್ಯಾಮಿನೇಟ್, ಟೈಲ್ಸ್ ರೇಟಿನೊಳಗೆ ಕೂತಿರುತ್ತದೆ. ಕಪಾಟು ಜಾಸ್ತಿ ಆದಷ್ಟೂ ಅವರಿಗೆ ಲಾಭ. ‘ಈ ಗೋಡೆಗೆ ಏನೂ ಬೇಡ, ಹಾಗೇ ಬಿಡಿ’ ಅಂದರೆ ಅವರಿಗೇ ನಷ್ಟ, ಯಾಕೆ ಹೇಳುತ್ತಾರೆ?

ನಮ್ಮ ಮಾಳಮಡ್ಡಿ ಮನೆ ಮಣ್ಣಿನ ಗೋಡೆ, ಸಾಗವಾನಿ ತೊಲೆ, ಮಂಗಳೂರು ಹೆಂಚಿನದು. ಮೊದಲು ಬಂದ ಫ್ರೀ ಡಿಸೈನಿನವರು (ಹೆಸರು ಬೇಡ) ಲ್ಯಾಪ್‌ಟಾಪಿನಲ್ಲಿ ಥ್ರೀಡಿ ಚಿತ್ರ ತೋರಿಸಿದರು. ಚಂದ ಇತ್ತು, ಸುಳ್ಳು ಹೇಳೋದಿಲ್ಲ. ಆದರೆ ಚಿತ್ರದಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯೇ ಇರಲಿಲ್ಲ, ತೊಲೆಗಳು ಕೂತಿರೋದೇ ಆ ಗೋಡೆಯ ಮೇಲೆ! ಕೊಡ, ಬ್ಯಾರೆಲ್ ಇಡಲು ಜಾಗ ಇಲ್ಲ. ಅವಳಿ ನಗರದಲ್ಲಿ ಕೆಲವು ವಾರ್ಡಿಗೆ 24 ಗಂಟೆ ನೀರು ಬಂದರೂ ಉಳಿದವರು ಮಲಪ್ರಭೆ ನೀರಿನ ದಾರಿಯನ್ನು ದಿನಗಟ್ಟಲೆ ಕಾಯುತ್ತೇವೆ, ಇದು ಗೊತ್ತಿಲ್ಲದವರು ಇಲ್ಲಿ ಅಡುಗೆಮನೆ ಹೇಗೆ ಮಾಡುತ್ತಾರೋ. ರೊಟ್ಟಿ ಬಡಿಯಲೂ ಜಾಗ ಇಲ್ಲ. ಅವರ ಕಟ್ಟೆ ಹತ್ತಿರ ಹತ್ತಿರ ಮೂರಡಿ ಎತ್ತರ. ಅಷ್ಟೆತ್ತರದಲ್ಲಿ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದು ನೋಡಿ, ಭುಜವೇ ಉತ್ತರ ಹೇಳುತ್ತದೆ.

ಆಮೇಲೆ ಫೀ ತೆಗೆದುಕೊಳ್ಳುವ ಆರ್ಕಿಟೆಕ್ಟ್ ಒಬ್ಬರನ್ನು ಕರೆಸಿದೆವು. ಅವರು ಚಿತ್ರ ತೋರಿಸಲೇ ಇಲ್ಲ. ಗೋಡೆ ತಟ್ಟಿ ನೋಡಿದರು, ಅಟ್ಟ ಹತ್ತಿದರು, ಮಳೆಗಾಲದಲ್ಲಿ ತೇವ ಎಲ್ಲಿ ಏರುತ್ತದೆ ಅಂತ ಕೇಳಿದರು, ನಮ್ಮ ಅತ್ತೆಯವರನ್ನು ‘ಅಮ್ಮಾರೆ, ನೀವು ರೊಟ್ಟಿ ಕೂತು ಬಡೀತೀರೋ ನಿಂತೋ’ ಅಂತ ಕೇಳಿ ಎತ್ತರ ಅಳೆದುಕೊಂಡರು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹಚ್ಚಿದರೆ ಒಳಗಿನ ತೇವಕ್ಕೆ ಹೊರಗೆ ಬರುವ ದಾರಿ ಸಿಗದೆ ಗಿಲಾವೇ ಉದುರುತ್ತದೆ, ಸುಣ್ಣದ್ದೇ ಇರಲಿ ಅಂದರು. ತೊಲೆ ಹೊತ್ತ ಗೋಡೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಬೇಡಿ ಅಂದರು. ಇದ್ಯಾವುದರಿಂದಲೂ ಅವರಿಗೆ ಒಂದು ರೂಪಾಯಿ ಜಾಸ್ತಿ ಬರೋದಿಲ್ಲ. ಜಗಳ ಆಗಲೇ ಇಲ್ಲ ಅಂತಲ್ಲ. ಡ್ರಾಯಿಂಗ್ ತಡ ಮಾಡಿದರು. ಅಟ್ಟ ತೆಗೆಯೋಣ ಅಂದಾಗ ನಮ್ಮ ಮನೆಯವರು ಕೂಗಾಡಿದರು, ಅಟ್ಟ ಉಳಿಯಿತು.

ಹುಬ್ಬಳ್ಳಿ ಕಡೆ ಎರೆ ಮಣ್ಣಿನ ಮೇಲಿನ ಮನೆಗಳದ್ದು ಇನ್ನೊಂದು ಗೋಳು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು, ಗೋಡೆ ಸೀಳುತ್ತದೆ. ಕಾರಣ ಹುಡುಕದೆ ಸುಮ್ನೆ ಪುಟ್ಟಿ ತುಂಬಿ ಮೇಲೆ ವಾಲ್‌ಪೇಪರ್ ಅಂಟಿಸಿದರೆ ಮತ್ತೆ ಸೀಳು, ಮತ್ತೆ ಬಿಲ್.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳಬಹುದು. ಇಂಟೀರಿಯರ್ ಡಿಸೈನರ್ ಅಂತ ಬೋರ್ಡ್ ಹಾಕಲು ಅಂಥ ನೋಂದಣಿ ಬೇಕಿಲ್ಲ. ಹಾಗಂತ ಡಿಸೈನರ್‌ಗಳೆಲ್ಲ ಕೆಟ್ಟವರಲ್ಲ, ಒಳ್ಳೇ ಕೆಲಸದವರು ಇದ್ದಾರೆ. ಅವರು ಮಾಡಿಕೊಟ್ಟು ಒಂದೆರಡು ಮಳೆಗಾಲ ಕಳೆದ ಮನೆಗೆ ಹೋಗಿ ನೋಡಿ ಬನ್ನಿ. ಕರಾರಿನಲ್ಲಿ ಫೀ ಎಷ್ಟು, ಡ್ರಾಯಿಂಗ್ ಎಷ್ಟು ಸಲ ಬದಲಾಯಿಸಿ ಕೊಡುತ್ತಾರೆ, ಕೆಲಸ ನೋಡಲು ಎಷ್ಟು ಸಲ ಬರುತ್ತಾರೆ, ಅಂಗಡಿಯಿಂದ ಕಮಿಷನ್ ತೆಗೆದುಕೊಳ್ಳುತ್ತಾರಾ ಇಲ್ವಾ, ಎಲ್ಲ ಬರೆಸಿ. ‘ಒಳ್ಳೇ ಪ್ಲೈವುಡ್’ ಅಂತ ಬರೆದರೆ ಏನೂ ಬರೆದಂತಲ್ಲ, ಸಿಂಕ್ ಕೆಳಗೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್‌ನ ಮಾನಕ) ಗುರುತಿನದು ಅಂತ ಬರೆಸಿ. ಕೆಲಸ ಕೆಟ್ಟರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ನಿಜ, ಆದರೆ ಬರೀ ಬಾಯಿಮಾತಾಗಿದ್ದರೆ ಅಲ್ಲಿ ಏನು ತೋರಿಸುತ್ತೀರಿ?

ಸಂಪಾದಕರೇ, ಜಾಹೀರಾತು ಹಾಕಬೇಡಿ ಅನ್ನೋದಿಲ್ಲ, ಪತ್ರಿಕೆಗೂ ಖರ್ಚಿದೆ. ಆದರೆ ಅದೇ ಪುಟದಲ್ಲಿ ಒಂದು ಮಾದರಿ ಕರಾರನ್ನು ಕನ್ನಡದಲ್ಲಿ ಅಚ್ಚು ಹಾಕಿ. ನಮ್ಮ ಕೈಗೆ ಬಂದ ಕರಾರು ಇಂಗ್ಲಿಷಿನಲ್ಲಿತ್ತು, ಸಹಿ ಮಾಡಬೇಕಾದ ಮಾವನವರು ಕಾಗದ ಬಿಟ್ಟು ಮಗನ ಮುಖ ನೋಡಿದರು. ಹುಬ್ಬಳ್ಳಿಯಲ್ಲೇ ಆರ್ಕಿಟೆಕ್ಚರ್ ಕಲಿಸುವವರಿದ್ದಾರೆ, ಒಬ್ಬ ವಕೀಲರನ್ನು ಜೊತೆಗೆ ಕೂರಿಸಿ ಅವರಿಂದಲೇ ಬರೆಸಬಹುದು.

– ಓದುಗಳು, ಮಾಳಮಡ್ಡಿ, ಧಾರವಾಡ