ರೋವರ್ ಜೊತೆ ಸಿಗ್ನಲ್ಲನ್ನೂ ಕೊಡಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ನಮಸ್ಕಾರಗಳು.

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಪರವಾನಗಿ ಭೂಮಾಪಕ. ಹೊಲದ ಗಡಿ ಗುರುತಿಸುವ ಹದ್ದುಬಸ್ತು, ಪಾಲಾದ ಜಮೀನನ್ನು ಬೇರೆ ಮಾಡುವ ಪೋಡಿ, ಜಮೀನಿನ ಒಂದು ಭಾಗ ಮಾರುವ ಮುಂಚೆ ಬೇಕಾಗುವ 11ಇ ನಕ್ಷೆ, ಇವೇ ನನ್ನ ದಿನದ ಕೆಲಸ. ಸರ್ವೇದವರ ಕೈಗೆ ಸರ್ಕಾರ ರೋವರ್, ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಗುರುತಿಸುವ ಅಳತೆ ಯಂತ್ರ, ಕೊಡಲು ಶುರು ಮಾಡಿದ್ದು ನನಗೆ ತುಂಬಾ ಖುಷಿ ಕೊಟ್ಟಿದೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲಗಳು ಕೈ ಹೋಗುವಷ್ಟು ಬಿರುಕು ಬಿಡುತ್ತವೆ. ಅಲ್ಲಿ 33 ಅಡಿಯ ಸರಪಳಿ ಜಗ್ಗಿದವರಿಗೆ ಈ ಯಂತ್ರದ ಬೆಲೆ ಗೊತ್ತು.

ಆದರೆ ಕಳೆದ ಬೇಸಿಗೆಯ ಒಂದು ದಿನದ ಬಗ್ಗೆ ಹೇಳಲೇಬೇಕು. ಬೆಣ್ಣೆಹಳ್ಳದ ದಂಡೆಯ ಹೊಲ. ಅಣ್ಣತಮ್ಮಂದಿರ ಪಾಲು. ಬಾಡಿಗೆಗೆ ತಂದ ರೋವರ್ ಹಿಡಿದು ಬದುವಿನ ಮೂಲೆಯಲ್ಲಿ ನಿಂತೆ. ಉಪಗ್ರಹಗಳು ಸಿಕ್ಕವು. ಬರೀ ಉಪಗ್ರಹದಿಂದ ಬರುವ ಅಳತೆ ಮೀಟರ್‌ಗಟ್ಟಲೆ ತಪ್ಪಬಹುದು. ಒಂದೇ ಕಡೆ ನೆಲೆನಿಂತು ಉಪಗ್ರಹದ ತಪ್ಪು ಲೆಕ್ಕ ಹಾಕುವ ಕಾರ್ಸ್ ಕೇಂದ್ರದ ತಿದ್ದುಪಡಿ ಮೊಬೈಲ್ ನೆಟ್ ಮೂಲಕ ಬಂದರೆ ಅದು ಎರಡು ಮೂರು ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿ ನೆಟ್ ಇರಲಿಲ್ಲ. ಪರದೆ ಮೇಲೆ ‘ಫ್ಲೋಟ್’ (ಅಳತೆ ಇನ್ನೂ ಪಕ್ಕಾ ಆಗಿಲ್ಲ) ಅಂತಲೇ ಇತ್ತು, ‘ಫಿಕ್ಸ್’ (ಪಕ್ಕಾ ಆಯಿತು) ಬರಲೇ ಇಲ್ಲ. ಎರಡು ತಾಸು ಕಾದೆವು. ಕೊನೆಗೆ ಸರಪಳಿಯನ್ನೇ ಬಿಚ್ಚಿದೆವು. ಆಗ ಹಿರಿಯಣ್ಣ ಹೇಳಿದರು: “ತಮ್ಮಾ, ಸರಪಳಿ ಕಣ್ಣಿಗೆ ಕಾಣತೈತಿ. ಈ ಮಷೀನ್ ಹೇಳಿದ್ದು ಖರೆ ಅಂತ ನಮಗ ಹೆಂಗ ಗೊತ್ತಾಗಬೇಕು?”

ಅವರ ಪ್ರಶ್ನೆ ಸರಿಯಾಗಿಯೇ ಇದೆ. ಸರ್ವೇ ಇಲಾಖೆಯ ಹಳೆಯ ಅಳತೆ ದಾಖಲೆಯಾದ ಟಿಪ್ಪಣಿಯಲ್ಲಿ ಅಳತೆ ಇರುವುದು ಸರಪಳಿ, ಆಣೆ ಲೆಕ್ಕದಲ್ಲಿ. ಸರಪಳಿಗೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಆ ಲೆಕ್ಕವನ್ನು ಸೆಂಟಿಮೀಟರ್ ಹಿಡಿಯುವ ಯಂತ್ರದ ಪಕ್ಕ ಇಟ್ಟರೆ ಎರಡೂ ಕೂಡುವುದಿಲ್ಲ, ಅಲ್ವಾ? ಒಂದು ಬದು ಎರಡು ಅಡಿ ಆಚೀಚೆ ಬಂದರೆ ಮನೆಗಳ ನಡುವೆ ಮಾತು ನಿಂತುಹೋಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟು ವ್ಯತ್ಯಾಸ ಒಪ್ಪಬೇಕು, ಗಡಿ ಗುರುತಿನ ಬಾಂದುಕಲ್ಲು ಸಿಗದಿದ್ದರೆ ಯಾವ ಗುರುತಿನಿಂದ ಹಿಡಿಯಬೇಕು ಎಂಬುದನ್ನು ರೈತರಿಗೂ ತಿಳಿಯುವ ಕನ್ನಡದಲ್ಲಿ ಬರೆಸಿ. ಅದನ್ನು ಪ್ರತಿ ಪಂಚಾಯಿತಿ ಗೋಡೆಗೆ ಹಾಕಿಸಿ. ಎಲ್ಲಕ್ಕಿಂತ ಮೊದಲು ಇದು ಆಗಬೇಕು.

ಇನ್ನು ಸಲಕರಣೆ. ನೆಟ್ ಸಿಗದ ಊರುಗಳಿಗೆ ರೇಡಿಯೋ ಇರುವ ಬೇಸ್ ಸೆಟ್ ಬೇಕು. ಅದು ತಾನೇ ತಿದ್ದುಪಡಿ ಕಳಿಸುತ್ತದೆ, ಮೊಬೈಲ್ ಟವರ್ ಬೇಕಾಗಿಲ್ಲ. ಹುಣಸೆ ಮರದ ಕೆಳಗೆ ರೋವರ್‌ಗೆ ಆಕಾಶ ಕಾಣುವುದಿಲ್ಲ, ಹಾಗಾಗಿ ಉಪಗ್ರಹ ಬೇಡದೆ ಬೆಳಕಿನ ಕಿರಣದಿಂದ ಅಳೆಯುವ ಟೋಟಲ್ ಸ್ಟೇಷನ್ ಕೂಡ ಇರಲಿ. ಎರಡು ಕಂಪನಿಯ ಸಿಮ್, ಹೆಚ್ಚುವರಿ ಬ್ಯಾಟರಿ ಕೊಡಿ. ಅಳತೆಯ ಆ್ಯಪ್ ನೆಟ್ ಇಲ್ಲದಾಗಲೂ ಮಾಹಿತಿ ಉಳಿಸಿಕೊಂಡು, ಊರಿಗೆ ಬಂದ ಮೇಲೆ ಕಳಿಸುವಂತಿರಲಿ. ನಮ್ಮಂಥ ಪರವಾನಗಿ ಭೂಮಾಪಕರಿಗೂ ದಿನದ ಲೆಕ್ಕದಲ್ಲಿ ತಾಲ್ಲೂಕು ಕಚೇರಿಯಿಂದ ರೋವರ್ ಸಿಗುವಂತಾಗಲಿ. ತರಬೇತಿಯನ್ನು ಸಭಾಂಗಣದಲ್ಲಿ ಬೇಡ, ಹೊಲದಲ್ಲೇ ಕೊಡಿಸಿ. ಸರಪಳಿ ಹಿಡಿಯುವ ಸಹಾಯಕರನ್ನೂ ಕರೆಯಿರಿ. ಹೊಲದ ಗುರುತುಗಳು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಕಡಲೆ, ಬಿಳಿಜೋಳದ ಸುಗ್ಗಿ ಮುಗಿದ ಮೇಲೆ, ಮಳೆ ಬೀಳುವ ಮುಂಚೆ, ನಮಗೆ ಅಳತೆಗೆ ಸಿಗುವುದು ಮೂರು ನಾಲ್ಕು ತಿಂಗಳು ಮಾತ್ರ. ಈ ಸುಗ್ಗಿಯೊಳಗೆ ನಮ್ಮ ತಾಲ್ಲೂಕಿಗೆ ಒಂದು ಬೇಸ್ ಸೆಟ್ ಬಂದರೂ ಸಾಕು. ಬೆಣ್ಣೆಹಳ್ಳದ ಆ ಹೊಲಕ್ಕೆ ನಾನೇ ಮತ್ತೆ ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರೋಣ ತಾಲ್ಲೂಕಿನ ಒಬ್ಬ ಪರವಾನಗಿ ಭೂಮಾಪಕ