‘ನೋಡಲೇಬೇಕಾದ ಹತ್ತು ತಾಣ’ ಸಾಕು, ಏರಿಯಾ ಲೆಕ್ಕದಲ್ಲಿ ಊರು ತೋರಿಸಿ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಪ್ರವಾಸ ಪುಟದಲ್ಲಿ ಪ್ಯಾರಿಸ್ಸೋ ಲಂಡನ್ನೋ ಇಸ್ತಾಂಬುಲ್ಲೋ, ಯಾವ ಮಹಾನಗರದ ಲೇಖನ ಬಂದರೂ ಪಕ್ಕದಲ್ಲೊಂದು ಬಾಕ್ಸ್ ಇದ್ದೇ ಇರುತ್ತದೆ: ‘ನೋಡಲೇಬೇಕಾದ ಹತ್ತು ತಾಣಗಳು’. ಆ ಹತ್ತೂ ಊರಿನ ಹತ್ತು ದಿಕ್ಕಿಗಿರುತ್ತವೆ. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋದವರ ಹಗಲು ಮೆಟ್ರೊ ಸುರಂಗದಲ್ಲಿ ಒಂದಷ್ಟು, ಟಿಕೆಟ್ ಸಾಲಿನಲ್ಲಿ ಇನ್ನೊಂದಷ್ಟು ಕಳೆದುಹೋಗುತ್ತದೆ. ಊರು ಮಾತ್ರ ಕಾಣುವುದಿಲ್ಲ. ಮಹಾನಗರವೆಂದರೆ ಒಂದಕ್ಕೊಂದು ಅಂಟಿಕೊಂಡೂ ಒಂದರಂತೆ ಇನ್ನೊಂದಿಲ್ಲದ ಹತ್ತಾರು ಏರಿಯಾಗಳು. ಅವನ್ನು ನಡೆದು ನೋಡುವವರಿಗೆ ಬೇಕಾದ ಮಾಹಿತಿಯೇ ಬೇರೆ. ಆ ಬಾಕ್ಸಿನಲ್ಲಿ ಏನಿದ್ದರೆ ಉಪಯೋಗ ಎಂದು ಹೇಳುವುದಕ್ಕೆ ಈ ಪತ್ರ.

ಮೊದಲು ದೂರದ ಲೆಕ್ಕ. ಮೊಬೈಲ್ ಮ್ಯಾಪ್ ತೋರಿಸುವ ನಡಿಗೆಯ ಸಮಯ ಗಂಟೆಗೆ ಸುಮಾರು 5 ಕಿ.ಮೀ. ವೇಗದ್ದು. ಜಪಾನಿನಲ್ಲಿ ಮನೆ ಬಾಡಿಗೆ ಜಾಹೀರಾತಿನಲ್ಲಿ ‘ನಿಲ್ದಾಣದಿಂದ 5 ನಿಮಿಷ’ ಎಂದಿದ್ದರೆ ನಿಮಿಷಕ್ಕೆ 80 ಮೀಟರ್ ಲೆಕ್ಕದಲ್ಲಿ 400 ಮೀಟರ್ ಎಂದು ಅರ್ಥ. ಅದೂ ಹೆಚ್ಚುಕಡಿಮೆ ಇದೇ ವೇಗ. ಇದು ಕೆಲಸಕ್ಕೆ ಹೋಗುವವರ ನಡಿಗೆ. ಗೋಡೆ, ಬಾಗಿಲು, ಅಂಗಡಿ ನೋಡುತ್ತ, ಅಲ್ಲಲ್ಲಿ ನಿಲ್ಲುತ್ತ ಹೋಗುವವರು ಗಂಟೆಗೆ 2 ಕಿ.ಮೀ. ಸಾಗಿದರೆ ಹೆಚ್ಚು. ಹಾಗಾಗಿ ಒಂದು ಏರಿಯಾಕ್ಕೆ ಮೂರು ಗಂಟೆ, ನಾಲ್ಕೈದು ಕಿ.ಮೀ. ಇಟ್ಟುಕೊಳ್ಳಬೇಕು. ದಿನಕ್ಕೆ ಎರಡು ಏರಿಯಾ ಸಾಕು, ಅವು ಅಕ್ಕಪಕ್ಕದವೇ ಆಗಿರಬೇಕು. ಮೂರನೆಯದನ್ನು ತುರುಕಿದರೆ ಸಂಜೆಗೆ ಕಾಲು ಸೋತು, ಅದನ್ನು ಬಸ್ಸಿನ ಕಿಟಕಿಯಿಂದ ನೋಡಿ ‘ಆಯ್ತು’ ಅನ್ನಬೇಕಾಗುತ್ತದೆ.

ಮೆಟ್ರೊ ನಕ್ಷೆ ನೋಡಿ ದೂರ ಅಂದಾಜು ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ಲಂಡನ್ ಟ್ಯೂಬ್ ನಕ್ಷೆಯಲ್ಲಿ ದೂರಕ್ಕೆ ಬೆಲೆಯೇ ಇಲ್ಲ, ನಿಲ್ದಾಣಗಳ ಕ್ರಮವಷ್ಟೇ ಸರಿ. ಲೆಸ್ಟರ್ ಸ್ಕ್ವೇರಿಗೂ ಕಾವೆಂಟ್ ಗಾರ್ಡನ್ನಿಗೂ ನಡುವೆ ಇರುವುದು ಸುಮಾರು 260 ಮೀಟರ್. ಇಷ್ಟಕ್ಕೆ ಎಸ್ಕಲೇಟರ್ ಇಳಿದು, ರೈಲಿಗೆ ಕಾದು, ಕಾವೆಂಟ್ ಗಾರ್ಡನ್ನಿನಲ್ಲಿ ಲಿಫ್ಟಿನ ಸಾಲು ತಪ್ಪಿಸಲು ಮೆಟ್ಟಿಲು ಹತ್ತಿದರೆ 193 ಮೆಟ್ಟಿಲು! ರಸ್ತೆಯ ಮೇಲೆ ಅದು ನಾಲ್ಕೈದು ನಿಮಿಷದ ದಾರಿ.

ಅಕ್ಕಪಕ್ಕದ ಏರಿಯಾ ಎಂದೆ. ಎರಡರ ನಡುವಿನ ಗಡಿಯನ್ನು ಕಾಲ್ನಡಿಗೆಯಲ್ಲೇ ದಾಟಬೇಕು, ಊರಿನ ಇತಿಹಾಸ ಬಯಲಾಗುವುದು ಅಲ್ಲೇ. ನದಿ, ರೈಲು ಹಳಿ, ಕೆಡವಿದ ಕೋಟೆಯ ಸಾಲು ಸಾಮಾನ್ಯವಾಗಿ ಈ ಗಡಿಗಳು. ವಿಯೆನ್ನಾದ ಅಗಲ ವರ್ತುಲ ರಸ್ತೆ ಹುಟ್ಟಿದ್ದು ಕೋಟೆ ಗೋಡೆ ಕೆಡವಲು 1857ರಲ್ಲಿ ಚಕ್ರವರ್ತಿ ಆಜ್ಞೆ ಹೊರಡಿಸಿದ ಮೇಲೆ. ಅದನ್ನು ದಾಟಿ ಒಳಗೆ ಹೆಜ್ಜೆಯಿಟ್ಟರೆ ಗಲ್ಲಿಗಳು ತಟ್ಟನೆ ಕಿರಿದಾಗುತ್ತವೆ. ಲಿಸ್ಬನ್ನಿನಲ್ಲಿ 1755ರ ಭೂಕಂಪಕ್ಕೆ ನೆಲಸಮವಾದ ಬೈಶಾ ಪ್ರದೇಶವನ್ನು ನೂಲು ಹಿಡಿದಂಥ ನೇರ ರಸ್ತೆಗಳಲ್ಲಿ ಮತ್ತೆ ಕಟ್ಟಿದರು; ಪಕ್ಕದ ಗುಡ್ಡದ ಆಲ್ಫಾಮಾ ಬಹುಮಟ್ಟಿಗೆ ಉಳಿದುಕೊಂಡಿದ್ದರಿಂದ ಇಂದಿಗೂ ಮೆಟ್ಟಿಲು, ತಿರುವು, ಮೊಂಡು ಗಲ್ಲಿಗಳ ಗೋಜಲು. ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷ. ಮ್ಯಾನ್‌ಹಟನ್ನಿನಲ್ಲಿ 1811ರ ಯೋಜನೆಯ ಚೌಕುಳಿ ರಸ್ತೆಗಳು ಅದಕ್ಕಿಂತ ಹಳೆಯದಾದ ಗ್ರೀನ್‌ವಿಚ್ ವಿಲೇಜಿಗೆ ಬಂದ ಕೂಡಲೇ ಓರೆಯಾಗುತ್ತವೆ. ಸಮಾನಾಂತರವಾಗಿ ಸಾಗಬೇಕಾದ ಪಶ್ಚಿಮ 4ನೇ ರಸ್ತೆ ಅಲ್ಲಿ ಪಶ್ಚಿಮ 10ನೇ ರಸ್ತೆಯನ್ನು ಅಡ್ಡ ಹಾಯುತ್ತದೆ. ಮ್ಯಾಪ್ ಕೆಟ್ಟಿದೆ ಎಂದುಕೊಳ್ಳಬೇಡಿ, ಊರೇ ಹಾಗಿದೆ.

ಇನ್ನು ವಿಳಾಸ. ನಮ್ಮ ಪ್ರವಾಸ ಬರಹಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಪ್ರತಿ ಊರಿಗೂ ಮನೆ ನಂಬರು ಹಾಕುವ ತನ್ನದೇ ಪದ್ಧತಿ ಇದೆ. ಅದು ಗೊತ್ತಿದ್ದರೆ ಮೊಬೈಲನ್ನು ಜೇಬಿನಲ್ಲಿಟ್ಟು ನಡೆಯಬಹುದು. ಪ್ಯಾರಿಸ್ಸಿನ 20 ವಿಭಾಗಗಳು ನಡುವಿನಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತವೆ. ಪಿನ್‌ಕೋಡಿನ ಕೊನೆಯ ಎರಡು ಅಂಕಿಯೇ ವಿಭಾಗದ ಸಂಖ್ಯೆ. 75004 ಎಂದರೆ 4ನೆಯದು, ಮಾರೆ ಏರಿಯಾದ ಒಂದು ಭಾಗ. 75018 ಎಂದರೆ ಮೊಂಮಾರ್ತ್ರ್ ಗುಡ್ಡದ ಕಡೆ. ನೀಲಿ ಬೀದಿ ಫಲಕದ ಮೇಲ್ಭಾಗದಲ್ಲೂ ಆ ಸಂಖ್ಯೆ ಇರುತ್ತದೆ. ಸೇನ್ ನದಿಗೆ ಸಮಾನಾಂತರವಾದ ಬೀದಿಗಳಲ್ಲಿ ಮನೆ ನಂಬರು ನದಿ ಹರಿಯುವ ದಿಕ್ಕಿಗೆ ಏರುತ್ತದೆ, ನದಿಯಿಂದ ಹೊರಟ ಬೀದಿಗಳಲ್ಲಿ ನದಿಯ ಕಡೆಯಿಂದ ಶುರುವಾಗುತ್ತದೆ. 1805ರಿಂದ ಇದೇ ಕ್ರಮ. ಅಂದರೆ ದಾರಿ ತಪ್ಪಿದಾಗ ನಂಬರು ಇಳಿಯುತ್ತಿರುವ ಕಡೆ ನಡೆದರೆ ಒಂದೋ ನದಿ ಸಿಗುತ್ತದೆ, ಇಲ್ಲವೇ ಹರಿವಿಗೆ ಎದುರಾಗಿ ಹೋಗುತ್ತಿದ್ದೇವೆಂದು ತಿಳಿಯುತ್ತದೆ.

ವೆನಿಸ್ಸಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ನಂಬರು ಬೀದಿಗಲ್ಲ, ಇಡೀ ಪ್ರಾಂತಕ್ಕೆ. ಇರುವ 6 ಪ್ರಾಂತಗಳಲ್ಲಿ ಒಂದಾದ ಕಸ್ತೆಲ್ಲೊದಲ್ಲಿ ಅದು 6000 ದಾಟುತ್ತದೆ. ಪ್ರಾಂತದ ಹೆಸರು ಮತ್ತು ನಂಬರು ಕೊಟ್ಟರೂ ಅಪರಿಚಿತರಿಗೆ ಮನೆ ಸಿಗದು, ಹತ್ತಿರದ ಚೌಕ ಅಥವಾ ಸೇತುವೆಯ ಹೆಸರು ಕೇಳಿಟ್ಟುಕೊಳ್ಳಬೇಕು. ಗೋಡೆಯ ಮೇಲಿನ ಹಳದಿ ಬಾಣಗಳು ರಿಯಾಲ್ಟೊ, ಸ್ಯಾನ್ ಮಾರ್ಕೊ, ರೈಲು ನಿಲ್ದಾಣಗಳಿಗೆ ಮುಟ್ಟಿಸುತ್ತವೆ. ಟೋಕಿಯೊದಲ್ಲಿ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸದಲ್ಲಿ ಬರುವುದು ಪ್ರದೇಶ, ಅದರ ಭಾಗ, ಬ್ಲಾಕು, ಕಟ್ಟಡದ ಸಂಖ್ಯೆ. ಅಲ್ಲಿ ನಿಲ್ದಾಣದ ಯಾವ ದ್ವಾರದಿಂದ ಹೊರಬೀಳಬೇಕು ಎಂಬುದೇ ಅರ್ಧ ವಿಳಾಸ. ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ, ತಪ್ಪಾದದ್ದರಲ್ಲಿ ಹೊರಬಂದರೆ ಸರಿಯಾದ ಬದಿ ಹುಡುಕಿಕೊಂಡು ಮತ್ತೆ ನಡೆಯಬೇಕು. ಭೂಕಂಪ, ಯುದ್ಧ ಎರಡನ್ನೂ ತಾಳಿಕೊಂಡ ಹಳೆಯ ಯನಕಾ ಏರಿಯಾಕ್ಕೆ ಹೋಗುವವರಿಗೆ ‘ನಿಪ್ಪೊರಿ ನಿಲ್ದಾಣ’ ಎಂದಷ್ಟೇ ಹೇಳಿದರೆ ಸಾಲದು, ‘ಪಶ್ಚಿಮ ದ್ವಾರ’ ಎನ್ನಬೇಕು. ನ್ಯೂಯಾರ್ಕಿನ ಕೆಲವು ಸಬ್‌ವೇ ನಿಲ್ದಾಣಗಳಲ್ಲಿ ರಸ್ತೆಯ ಈ ಬದಿಯ ಮೆಟ್ಟಿಲು ಉತ್ತರದ ರೈಲಿಗೆ ಮಾತ್ರ, ಆ ಬದಿಯದು ದಕ್ಷಿಣಕ್ಕೆ ಮಾತ್ರ. ಇಳಿಯುವ ಮೊದಲು ಫಲಕ ಓದದಿದ್ದರೆ ಮತ್ತೆ ಮೇಲೆ ಬರಬೇಕು.

ವಾರದ ಯಾವ ದಿನ ಎಂಬುದಕ್ಕೆ ನಮ್ಮ ಲೇಖನಗಳು ಗಮನ ಕೊಡುವುದೇ ಇಲ್ಲ. ಮ್ಯೂಸಿಯಂ ರಜೆ ಬಿಡಿ, ಲೂವ್ರ್ ಮಂಗಳವಾರ, ಓರ್ಸೆ ಸೋಮವಾರ ಎಂದು ಎಲ್ಲಿ ಬೇಕಾದರೂ ಸಿಗುತ್ತದೆ. ಏರಿಯಾಕ್ಕೇ ರಜೆ ಇರುತ್ತದೆ, ಅದನ್ನು ಹೇಳಬೇಕು. ಮಾರೆಯ ಯಹೂದಿ ಬೀದಿ ರೂ ದೆ ರೋಸಿಯೆಯ ಎಷ್ಟೋ ಅಂಗಡಿಗಳು ಶುಕ್ರವಾರ ಸಂಜೆಯಿಂದ ಶನಿವಾರದವರೆಗೆ ಬಾಗಿಲು ಹಾಕಿ, ಉಳಿದ ಪ್ಯಾರಿಸ್ ಮಲಗಿರುವ ಭಾನುವಾರ ತೆರೆದಿರುತ್ತವೆ. ಇಸ್ತಾಂಬುಲ್ಲಿನ ಚಾವಣಿ ಹಾಕಿದ ದೊಡ್ಡ ಬಜಾರು (ಗ್ರ್ಯಾಂಡ್ ಬಜಾರ್) ಭಾನುವಾರ ಮುಚ್ಚಿರುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ದೊಡ್ಡ ಮಸೀದಿಗಳಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಹಳೆವಸ್ತು ಸಂತೆಗೆ ಶನಿವಾರವೇ ಹೋಗಬೇಕು, ಕೊಲಂಬಿಯಾ ರಸ್ತೆಯ ಹೂವಿನ ಸಂತೆ ಭಾನುವಾರ ಮಾತ್ರ. ಬ್ಯಾಂಕುಗಳಿರುವ ‘ಸಿಟಿ’ ಏರಿಯಾ ವಾರಾಂತ್ಯದಲ್ಲಿ ಬಿಕೋ ಎನ್ನುತ್ತದೆ. ಕಟ್ಟಡಗಳ ಫೋಟೊ ಬೇಕಿದ್ದವರಿಗೆ ಅದೇ ಒಳ್ಳೆಯ ಸಮಯ, ಹೊಟ್ಟೆ ಹಸಿದವರಿಗೆ ಅಲ್ಲ. ಸಿಂಗಪುರದ ಲಿಟಲ್ ಇಂಡಿಯಾ ಭಾನುವಾರ ಸಂಜೆ ವಲಸೆ ಕಾರ್ಮಿಕರಿಂದ ತುಂಬಿ ತುಳುಕುತ್ತದೆ. ಅದು ಅವರ ವಾರದ ಬಿಡುವು.

ಗುಡ್ಡದ ಏರಿಯಾಗಳಲ್ಲಿ ಎಲ್ಲಿ ಶುರುಮಾಡುತ್ತೇವೆ ಎಂಬುದು ಮುಖ್ಯ. ಆಲ್ಫಾಮಾಕ್ಕೆ ಬಸ್ಸಿನಲ್ಲೋ ಟ್ರಾಮಿನಲ್ಲೋ ಮೇಲಿನ ಪೋರ್ಟಸ್ ದೊ ಸೋಲ್ ಕಟ್ಟೆಯವರೆಗೆ ಹೋಗಿ, ಗಲ್ಲಿ ಹಿಡಿದು ನದಿಯ ಕಡೆ ಇಳಿಯಬೇಕು. ಕೆಳಗಿನಿಂದ ಹತ್ತುವವರು ಮೊದಲ ಅರ್ಧ ಗಂಟೆಯಲ್ಲೇ ಏದುಸಿರು ಬಿಡುತ್ತ ನೆಲ ನೋಡಿಕೊಂಡು ನಡೆಯುತ್ತಾರೆ. ಪ್ರಸಿದ್ಧ 28ನೇ ನಂಬರಿನ ಟ್ರಾಮಿನಲ್ಲಿ ಜೇಬುಗಳ್ಳರು ಹೆಚ್ಚು, ಬೆಳಿಗ್ಗೆ ಬೇಗ ಹತ್ತುವುದು ಒಳ್ಳೆಯದು. ಅಲ್ಲಿನ ಸುಣ್ಣಕಲ್ಲಿನ ಹಾಸು ಹನಿ ಬಿದ್ದರೆ ಜಾರುತ್ತದೆ. ಸವೆದ ಅಟ್ಟೆಯ ಶೂ ಬೇಡ. ಇಂಥ ಇಕ್ಕಟ್ಟಿನ ಗಲ್ಲಿಗಳಲ್ಲಿ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ಮ್ಯಾಪಿನ ನೀಲಿ ಚುಕ್ಕೆ ಪಕ್ಕದ ಬೀದಿಗೆ ಜಿಗಿದಿರುತ್ತದೆ. ಚುಕ್ಕೆಯನ್ನು ನಂಬುವುದಕ್ಕಿಂತ ಬೀದಿ ಫಲಕದ ಹೆಸರನ್ನು ಆಫ್‌ಲೈನ್ ನಕ್ಷೆಯಲ್ಲಿ ಹುಡುಕುವುದು ಮೇಲು.

ಇಷ್ಟೆಲ್ಲ ಹೇಳಿಯೂ ಏರಿಯಾದಲ್ಲಿ ನೋಡುವುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಒಂದೇ ಮೂಲೆ ತೋರಿಸುತ್ತೇನೆ. ಲಂಡನ್ನಿನ ಬ್ರಿಕ್ ಲೇನ್ ಮತ್ತು ಫೂರ್ನಿಯೇ ಬೀದಿ ಕೂಡುವಲ್ಲಿ ಇಟ್ಟಿಗೆಯ ಒಂದು ಕಟ್ಟಡವಿದೆ. ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನೊ ಪ್ರಾಟೆಸ್ಟಂಟರು 1743ರಲ್ಲಿ ಅದನ್ನು ಚರ್ಚಾಗಿ ಕಟ್ಟಿಸಿದರು. ಆಮೇಲೆ ಮೆಥಡಿಸ್ಟರ ಪ್ರಾರ್ಥನಾಲಯವಾಯಿತು, 19ನೇ ಶತಮಾನದ ಕೊನೆಯಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು, 1976ರಿಂದ ಬಂಗಾಳಿ ಮುಸ್ಲಿಮರ ಮಸೀದಿ. ಗೋಡೆಯಲ್ಲಿ ಎತ್ತರಕ್ಕೆ ನೋಡಿದರೆ 1743ರ ನೆರಳುಗಡಿಯಾರ ಈಗಲೂ ಇದೆ. ಅಲ್ಲಿಂದ ಫೂರ್ನಿಯೇ ಬೀದಿಗೆ ತಿರುಗಿ ಮನೆಗಳ ಸೂರಿನತ್ತ ಕಣ್ಣು ಹಾಯಿಸಿ: ಅಟ್ಟದ ಕಿಟಕಿಗಳು ಉದ್ದಕ್ಕೂ ಅಗಲವಾಗಿವೆ, ರೇಷ್ಮೆ ನೇಯುವವರ ಮಗ್ಗಕ್ಕೆ ಬೆಳಕು ಬೇಕಿತ್ತು. ಮತ್ತೆ ಬ್ರಿಕ್ ಲೇನಿಗೆ ಬಂದರೆ ಬೀದಿಯ ಹೆಸರು ಇಂಗ್ಲಿಷಿನ ಜತೆ ಬಂಗಾಳಿಯಲ್ಲೂ ಇದೆ. ಇನ್ನೂರು ಹೆಜ್ಜೆಯೊಳಗೆ ಇಷ್ಟು ಸಿಗುತ್ತದೆ, ಇದಕ್ಕೆ ಟಿಕೆಟ್ಟೂ ಇಲ್ಲ. ಯಾವ ‘ಹತ್ತು ತಾಣ’ದಲ್ಲೂ ಈ ಮೂಲೆ ಇರುವುದಿಲ್ಲ.

ಕೊನೆಯದಾಗಿ, ಅಲ್ಲಿ ವಾಸವಿರುವವರ ವಿಚಾರ. ಏರಿಯಾ ನೋಡುವುದೆಂದರೆ ಇನ್ನೊಬ್ಬರ ಮನೆ ಬಾಗಿಲ ಮುಂದೆ ಓಡಾಡುವುದು. ಇದಕ್ಕೀಗ ಕಾನೂನುಗಳೇ ಬಂದಿವೆ, ಬರಹಗಾರರು ಅವನ್ನು ತಿಳಿಸದಿದ್ದರೆ ಓದುಗರು ದಂಡ ಕಟ್ಟುತ್ತಾರೆ. ಜಪಾನಿನ ಕ್ಯೋಟೊದ ಹಳೆಯ ಗಿಯೊನ್ ಏರಿಯಾದಲ್ಲಿ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ, ಮೀರಿದರೆ 10,000 ಯೆನ್. ಮುಖ್ಯ ಬೀದಿಗೆ ಅಡ್ಡಿಯಿಲ್ಲ. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಬುಕ್‌ಚೊನ್‌ನ ಹಳೆಯ ಮನೆಗಳ ಓಣಿಗಳಲ್ಲಿ ಗುರುತು ಮಾಡಿದ ಭಾಗಕ್ಕೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶ, 2025ರ ಮಾರ್ಚ್‌ನಿಂದ 1,00,000 ವೊನ್ ದಂಡ. ವೆನಿಸ್ 2024ರಲ್ಲಿ ಗೈಡ್ ಜತೆಗಿನ ಗುಂಪನ್ನು 25 ಮಂದಿಗೆ ಇಳಿಸಿ ಧ್ವನಿವರ್ಧಕ ನಿಷೇಧಿಸಿತು. ಬಾರ್ಸಿಲೋನಾದಲ್ಲಿ ಗೂಯೆಲ್ ಪಾರ್ಕಿನ ಕಡೆ ಹೋಗುವ 116ನೇ ನಂಬರಿನ ಸಣ್ಣ ಬಸ್ಸಿನಲ್ಲಿ ಊರಿನ ಮುದುಕರಿಗೇ ಸೀಟು ಸಿಗದಂತಾಗಿ, 2024ರಲ್ಲಿ ಆ ಮಾರ್ಗವನ್ನು ಗೂಗಲ್ ಮ್ಯಾಪಿನಿಂದಲೇ ತೆಗೆಸಿದರು. ಅದನ್ನು ‘ಗುಟ್ಟಿನ ಬಸ್ಸು’ ಎಂದು ಬರೆದು ಮತ್ತೆ ಜನ ತುಂಬಿಸುವ ಲೇಖನಗಳನ್ನು ಸಂಪಾದಕರು ಹಿಡಿದು ನಿಲ್ಲಿಸಬೇಕು.

ಆದ್ದರಿಂದ ವಿನಂತಿ ಇಷ್ಟೇ: ಮುಂದಿನ ನಗರ ಲೇಖನದ ಬಾಕ್ಸಿನಲ್ಲಿ ಅಕ್ಕಪಕ್ಕದ ಎರಡು ಏರಿಯಾಗಳ ಹೆಸರು, ನಿಲ್ದಾಣ ಮತ್ತು ದ್ವಾರ, ನಡಿಗೆಯ ಕಿ.ಮೀ., ಏರೋ ಇಳಿಜಾರೋ, ಯಾವ ದಿನ ಯಾವುದಕ್ಕೆ ಬೀಗ, ಯಾವ ಓಣಿಗೆ ಹೋಗಕೂಡದು ಎಂಬುದನ್ನು ಹಾಕಿ. ಈಗಿನ ಹತ್ತು ತಾಣಗಳ ಜಾಗದಲ್ಲೇ ಇವಿಷ್ಟೂ ಹಿಡಿಯುತ್ತವೆ.

ಇತಿ,
ಪ್ರವಾಸ ಪುಟದ ಓದುಗ