ಮೇಸ್ತ್ರಿಯ ಹೆಸರನ್ನೂ ಬರೆಯುವ ಪ್ರಶಸ್ತಿ, ಮತ್ತು ನನ್ನ ಥೀಸಿಸ್ ಮುಗಿದ ಖುಷಿ

ಕಳೆದ ಗುರುವಾರ ನನ್ನ ವೈವಾ ಮುಗಿಯಿತು. ಪಿಎಚ್‌ಡಿ ಆಯ್ತು! ಮೂರು ವರ್ಷ ಅಂದುಕೊಂಡಿದ್ದ ಕೆಲಸಕ್ಕೆ ಐದು ವರ್ಷ ಹಿಡಿಯಿತು. ಸಹಾಯ ಮಾಡಿದವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂತ ಕೂತೆ. ನಾಲ್ಕನೇ ಫೋನಿಗೇ ಗಂಟಲು ಕಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಏನು ವಿಷಯ ಅಂತ ತುಂಬಾ ಜನ ಕೇಳಿದ್ದೀರಿ. ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ. ಮುಸ್ಲಿಮರು ಹೆಚ್ಚಾಗಿ ಬದುಕುವ ಕಡೆಗಳಲ್ಲಿ, ಅಲ್ಲಿನ ಜನರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಕಟ್ಟಡಗಳಿಗೆ ಮೂರು ವರ್ಷಕ್ಕೊಮ್ಮೆ ಕೊಡುತ್ತಾರೆ. ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಕರೀಮ್ ಆಗಾ ಖಾನ್ ಇದನ್ನು 1977ರಲ್ಲಿ ಶುರು ಮಾಡಿದರು. ಮೊದಲ ಸಲ ಕೊಟ್ಟಿದ್ದು 1980ರಲ್ಲಿ, ಲಾಹೋರಿನ ಶಾಲಿಮಾರ್ ತೋಟದಲ್ಲಿ. ಈಗ ಬಹುಮಾನದ ಮೊತ್ತ 10 ಲಕ್ಷ ಡಾಲರ್. ಮಸೀದಿಗಳಿಗೆ ಮಾತ್ರ ಅಂತ ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ಶಾಲೆಗೆ ಬಂದಿದೆ, ಆಸ್ಪತ್ರೆಗೆ ಬಂದಿದೆ, ಕುವೈತಿನ ನೀರಿನ ಟ್ಯಾಂಕುಗಳಿಗೂ ಬಂದಿದೆ. ಕಟ್ಟಿದವರು ಮುಸ್ಲಿಮರೇ ಆಗಿರಬೇಕು ಅಂತಲೂ ಇಲ್ಲ. ಬಿ.ವಿ. ದೋಶಿ ಅವರು ಇಂದೋರಿನಲ್ಲಿ ಬಡವರಿಗಾಗಿ ಮಾಡಿದ 'ಅರಣ್ಯ' ಅನ್ನುವ ಬಡಾವಣೆಗೆ 1995ರಲ್ಲಿ ಸಿಕ್ಕಿತು, ಚಾರ್ಲ್ಸ್ ಕೊರಿಯಾ ಅವರ ಭೋಪಾಲದ ವಿಧಾನ ಭವನಕ್ಕೆ 1998ರಲ್ಲಿ.

ಆದರೆ ನಾನು ಇದರ ಹಿಂದೆ ಬಿದ್ದಿದ್ದಕ್ಕೆ ಕಾರಣ ಬೇರೆ. ಈ ಬಹುಮಾನ ವಾಸ್ತುಶಿಲ್ಪಿ ಒಬ್ಬರಿಗೇ ಹೋಗಬೇಕು ಅಂತಿಲ್ಲ. ಕಟ್ಟಿಸಿದವರು, ಎಂಜಿನಿಯರ್, ಮೇಸ್ತ್ರಿ, ಯಾರ ದುಡಿಮೆ ಮುಖ್ಯವಾಗಿತ್ತೋ ಅವರನ್ನೂ ಗುರುತಿಸುತ್ತಾರೆ. ಮೊದಲ ಸಲವೇ, 1980ರಲ್ಲಿ, ಈಜಿಪ್ಟಿನ ಹಲಾವಾ ಮನೆಗೆ ಪ್ರಶಸ್ತಿ ಬಂದಾಗ ವಾಸ್ತುಶಿಲ್ಪಿ ಅಬ್ದೆಲ್ ವಾಹೆದ್ ಎಲ್-ವಕೀಲ್ ಅವರ ಜೊತೆಗೆ ಮೇಸ್ತ್ರಿ ಅಲಾದ್ದೀನ್ ಮುಸ್ತಫಾ ಅವರ ಹೆಸರೂ ಇತ್ತು. 1983ರಲ್ಲಿ ಮಾಲಿ ದೇಶದ ನಿಯೋನೋ ಊರಿನ ದೊಡ್ಡ ಮಸೀದಿಗೆ ಬಂತು. ಹಸಿ ಇಟ್ಟಿಗೆಯ ಆ ಮಸೀದಿಯನ್ನು ಕಟ್ಟಿದ್ದು ಲಸಿನೆ ಮಿಂಟಾ ಅನ್ನುವ ಮೇಸ್ತ್ರಿ. ಪ್ರಶಸ್ತಿ ಅವರದೇ.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ನನ್ನ ಅಪ್ಪ ಗಾರೆ ಕೆಲಸದವರು. ಮೂವತ್ತು ವರ್ಷ ಕರಣೆ ಹಿಡಿದ ಕೈ ಅದು. ಅಪ್ಪ ಕಟ್ಟಿದ ಮನೆಗಳ ಮುಂದೆ ಯಜಮಾನರ ಹೆಸರು ಇರುತ್ತದೆ, ಕೆಲವು ಕಡೆ ಎಂಜಿನಿಯರ್ ಹೆಸರಿನ ಬೋರ್ಡೂ ಇರುತ್ತದೆ. ಅಪ್ಪನ ಹೆಸರನ್ನು ನಾನು ಎಲ್ಲೂ ನೋಡಿಲ್ಲ.

ಎರಡನೇ ವರ್ಷ ಅಪ್ಪ ಸಾರುವೆ ಮೇಲಿಂದ ಬಿದ್ದರು. ತೊಡೆ ಮೂಳೆ ಮುರಿದು ರಾಡ್ ಹಾಕಿದರು. ಅದೇ ಹೊತ್ತಿಗೆ ನನಗೆ ಬರಬೇಕಿದ್ದ ಫೆಲೋಶಿಪ್ ಹಣವೂ ನಿಂತಿತು. ಹತ್ತು ತಿಂಗಳು ಥೀಸಿಸ್ ಫೈಲನ್ನು ತೆರೆದೇ ನೋಡಲಿಲ್ಲ. ಆಗ ನನ್ನ ಗೈಡ್ ಮೇಡಂ ಪ್ರತಿ ಸೋಮವಾರ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದರು: "ಬಿಡೋದಾದ್ರೆ ಬಿಡು, ಆದ್ರೆ ಈ ವಾರ ಬೇಡ, ಮುಂದಿನ ವಾರ ಮಾತಾಡೋಣ." ಆ ಮುಂದಿನ ವಾರ ಬರಲೇ ಇಲ್ಲ. ಮೇಡಂ, ನಿಮ್ಮ ಋಣ ದೊಡ್ಡದು. ಲ್ಯಾಪ್‌ಟಾಪ್ ಕೊಟ್ಟು ವಾಪಸ್ ಕೇಳದ ಜೂನಿಯರ್‌ಗೆ, ಆಸ್ಪತ್ರೆಯಲ್ಲಿ ನನ್ನ ಬದಲು ರಾತ್ರಿ ಕೂತ ಚಿಕ್ಕಮ್ಮನಿಗೆ, ಥ್ಯಾಂಕ್ಸ್ ಅನ್ನೋದು ತುಂಬಾ ಚಿಕ್ಕ ಮಾತು.

ಆರ್ಕ್‌ನೆಟ್ ಅನ್ನುವ ವೆಬ್‌ಸೈಟ್ ನಡೆಸುವವರಿಗೂ ನನ್ನ ನಮಸ್ಕಾರ. ಈ ಪ್ರಶಸ್ತಿಯ ನಕ್ಷೆ, ಫೋಟೋ, ವರದಿಗಳನ್ನೆಲ್ಲ ಅವರು ಪುಕ್ಕಟೆ ಓದಲು ಇಟ್ಟಿದ್ದಾರೆ. ಅಂತಿಮ ಪಟ್ಟಿಗೆ ಬಂದ ಕಟ್ಟಡಗಳನ್ನು ನೋಡಿ ಬರಲು ಪ್ರಶಸ್ತಿಯವರು ಪರಿಣತರನ್ನು ಕಳಿಸುತ್ತಾರೆ. ಕಟ್ಟಡ ಕಡೇಪಕ್ಷ ಒಂದು ವರ್ಷವಾದರೂ ಬಳಕೆಯಲ್ಲಿ ಇರಬೇಕು. ಸುಮ್ನೆ ಚೆಂದದ ಫೋಟೋ ನೋಡಿ ಕೊಡುವ ಪ್ರಶಸ್ತಿ ಅಲ್ಲ ಇದು. ನಾನು ಅಪ್ಪನ ಹಾಸಿಗೆ ಪಕ್ಕ ಕೂತು ಓದಿದ್ದು ಈ ವರದಿಗಳನ್ನೇ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಊರಿನ ಶಾಲೆಗೆ ಊರಿನವರೇ ಮಣ್ಣಿನ ಇಟ್ಟಿಗೆ ಮಾಡಿ, ಹೆಂಗಸರು ನೀರು ಹೊತ್ತು, ನೆಲ ಬಡಿದು ಗಟ್ಟಿ ಮಾಡಿದ್ದು. ಆ ಊರಿನ ಹುಡುಗ ಫ್ರಾನ್ಸಿಸ್ ಕೆರೆ ಜರ್ಮನಿಯಲ್ಲಿ ಓದುತ್ತಲೇ ಅದಕ್ಕೆ ದುಡ್ಡು ಕೂಡಿಸಿದ್ದು. 2004ರಲ್ಲಿ ಪ್ರಶಸ್ತಿ ಬಂತು. ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ.

ಅಂಥದ್ದೇ ಒಂದು ಸಂಜೆ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ ಅವರ ಬಗ್ಗೆ ಓದುತ್ತಿದ್ದೆ. 1980ರಲ್ಲಿ ಅಧ್ಯಕ್ಷರ ವಿಶೇಷ ಪ್ರಶಸ್ತಿ ಪಡೆದವರು ಅವರು. 1940ರ ದಶಕದಲ್ಲಿ ಅವರು ಈಜಿಪ್ಟಿನ ದಕ್ಷಿಣದ ನ್ಯೂಬಿಯಾ ಪ್ರದೇಶದ ಮೇಸ್ತ್ರಿಗಳನ್ನು ಕರೆಸಿ ಮಣ್ಣಿನ ಇಟ್ಟಿಗೆಯ ಕಮಾನು ಚಾವಣಿ ಕಟ್ಟಿಸಿದರು, ಕೆಳಗೆ ಆಸರೆಗೆ ಸೆಂಟ್ರಿಂಗ್ ಹಲಗೆ ಇಲ್ಲದೆ. ಅದು ಹೇಗೆ ನಿಲ್ಲುತ್ತದೆ ಅಂತ ನನಗೆ ಎರಡು ಪುಟ ಓದಿದರೂ ತಲೆಗೆ ಹತ್ತಲಿಲ್ಲ. ಅಪ್ಪ ಫೋಟೋ ತೋರಿಸು ಅಂದರು. ಕನ್ನಡಕ ಹಾಕಿಕೊಂಡು, ಸ್ಕ್ರೀನ್ ಹತ್ತಿರ ತಂದು, ಬೆರಳಿನಲ್ಲಿ ಇಟ್ಟಿಗೆಯ ಸಾಲು ಹಿಡಿದು ಹೋದರು. "ನೋಡಮ್ಮಾ, ನೇರ ಇಟ್ಟಿಲ್ಲ, ಹಿಂದಿನ ಗೋಡೆಗೆ ಒರಗಿಸಿದ್ದಾರೆ. ಮೊದಲ ಸಾಲು ಗೋಡೆ ಮೇಲೆ ಒರಗುತ್ತೆ, ಎರಡನೇದು ಮೊದಲನೇದರ ಮೇಲೆ. ಕೆಳಗೆ ಬೀಳೋಕೆ ಅದಕ್ಕೆ ಜಾಗ ಎಲ್ಲಿದೆ?" ಹಾಸಿಗೆ ಮೇಲೆ ಔಷಧಿ ಡಬ್ಬಿಗಳನ್ನೇ ದಿಂಬಿಗೆ ಒರಗಿಸಿ ಜೋಡಿಸಿ ತೋರಿಸಿದರು. ಮಾರನೇ ದಿನದಿಂದ ನಾನು ಮತ್ತೆ ಬರೆಯೋಕೆ ಶುರು ಮಾಡಿದೆ.

ಢಾಕಾದಲ್ಲಿ ನನ್ನನ್ನು ಬೈತುರ್ ರೌಫ್ ಮಸೀದಿಗೆ ಕರೆದುಕೊಂಡು ಹೋದ ವಿದ್ಯಾರ್ಥಿ ಗೆಳತಿಗೂ ಧನ್ಯವಾದ. ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ತಮ್ಮ ಅಜ್ಜಿ ಕೊಟ್ಟ ಜಾಗದಲ್ಲಿ ಕಟ್ಟಿದ್ದು ಅದು. 2016ರಲ್ಲಿ ಪ್ರಶಸ್ತಿ ಬಂತು. ಗುಮ್ಮಟ ಇಲ್ಲ, ಮಿನಾರ್ ಇಲ್ಲ. ಬರೀ ಇಟ್ಟಿಗೆ, ಗಾಳಿ, ಮತ್ತೆ ಚಾವಣಿಯ ದುಂಡು ತೂತುಗಳಿಂದ ಇಳಿಯುವ ಬೆಳಕು. ಒಬ್ಬ ಹಿರಿಯರು ಆ ಬೆಳಕಿನ ಬಿಲ್ಲೆಗಳ ನಡುವೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಅರ್ಧ ಗಂಟೆ ನಾನೂ ಸುಮ್ಮನೆ ಕೂತೆ.

ಕರೀಮ್ ಆಗಾ ಖಾನ್ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಿಗೆ ನನ್ನ ಥ್ಯಾಂಕ್ಸ್ ಮುಟ್ಟುವುದಿಲ್ಲ, ಆದರೂ ಹೇಳುತ್ತೇನೆ. ಮೇಸ್ತ್ರಿಗಳನ್ನು ವೇದಿಕೆಗೆ ಕರೆದಿದ್ದಕ್ಕೆ.

ಕಮಾನಿನ ಆ ಪ್ಯಾರಾಕ್ಕೆ ನಾನು ಒಂದು ಅಡಿಟಿಪ್ಪಣಿ ಹಾಕಿದ್ದೆ: ವಿವರಣೆ ಕೊಟ್ಟವರು ಅಂತ ಅಪ್ಪನ ಹೆಸರು, ಪಕ್ಕದಲ್ಲಿ ಗಾರೆ ಮೇಸ್ತ್ರಿ. ವೈವಾದಲ್ಲಿ ಪರೀಕ್ಷಕರು ಆ ಪುಟ ತೆಗೆದು, "ಇವರು ಯಾರು?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ, ಸ್ಕೂಲಿನಲ್ಲಿ ಹಾಜರಿ ಕೂಗಿದ ಹಾಗೆ, ಕೈ ಎತ್ತಿದರು.